ಚಿರತೆ ಎದ್ದು ಬರುತ್ತಿದ್ದದ್ದು

ಮೃಗಾಲಯದಲ್ಲಿ ಎಲ್ಲರೂ ಅವರನ್ನು ಲದ್ದಿ ಮೇಡಂ ಎಂದೇ ಕರೆಯುತ್ತಿದ್ದರು, ಬೆನ್ನ ಹಿಂದೆ ಮಾತ್ರವಲ್ಲ, ಮುಖದ ಮುಂದೆಯೂ. ಅವರಿಗೆ ಬೇಸರವಿರಲಿಲ್ಲ. ಆನೆಯದಿರಲಿ, ಮೊಲದ್ದಿರಲಿ, ಮಲವನ್ನು ಒಣಗಿಸಿ, ಪುಡಿ ಮಾಡಿ, ಅದರಲ್ಲಿ ಹಾರ್ಮೋನು ಎಷ್ಟಿದೆಯೆಂದು ಅಳೆಯುವುದೇ ಅವರ ಕಸುಬು. ಪ್ರಾಣಿ ಹೆದರಿದೆಯೋ, ಬೆದೆಗೆ ಬಂದಿದೆಯೋ, ಗಬ್ಬ ಕಟ್ಟಿದೆಯೋ, ಎಲ್ಲಕ್ಕೂ ಅದೇ ಸಾಕ್ಷಿ. "ಬಾಯಿ ಸುಳ್ಳು ಹೇಳ್ಬೋದು, ಇದು ಹೇಳಲ್ಲ" ಎನ್ನುತ್ತಿದ್ದರು. ಊಟದ ಹೊತ್ತಿನಲ್ಲೂ ಇದೇ ಮಾತಾದ್ದರಿಂದ ಅವರ ಪಕ್ಕ ಕೂರುವವರು ಕಡಿಮೆ.

ಮಕ್ಕಳಿಲ್ಲದ ಅವರ ಜೀವವೆಲ್ಲ ಒಂದು ಹೆಣ್ಣು ಚಿರತೆಯ ಮೇಲಿತ್ತು. ಅದಕ್ಕೆ ವಯಸ್ಸಾಗುತ್ತಿತ್ತು, ಗಂಡು ಚಿರತೆಯನ್ನು ಜೊತೆಗೆ ಬಿಟ್ಟರೂ ಗರ್ಭ ನಿಂತಿರಲಿಲ್ಲ. ಈ ವರ್ಷ ಆಗದಿದ್ದರೆ ಇನ್ನಿಲ್ಲ ಎಂದು ಪಶುವೈದ್ಯರು ಕೈಚೆಲ್ಲಿದ್ದರು. ಮೇಡಂ ದಿನಾ ಬೆಳಿಗ್ಗೆ ಪಂಜರದ ಮುಂದೆ ಸ್ಟೂಲು ಹಾಕಿಕೊಂಡು ಕೂತು ಅದನ್ನು ಮಾತಾಡಿಸುತ್ತಿದ್ದರು. ಅವರನ್ನು ಕಂಡದ್ದೇ ಅದು ಮಲಗಿದ್ದಲ್ಲಿಂದ ಎದ್ದು ಬಂದು ಸರಳುಗಳ ಉದ್ದಕ್ಕೂ ಓಡಾಡುತ್ತಿತ್ತು.

"ಅಮ್ಮ ಬಂದ್ಲು ಅಂತ ಅವಳಿಗೆಷ್ಟು ಸಂಭ್ರಮ ಗೊತ್ತಾ!" ಎಂದು ಮನೆಯಲ್ಲಿ ಹೇಳಿದರೆ, "ನನ್ನ ಕಂಡು ನೀನು ಯಾವತ್ತಾದ್ರೂ ಹಾಗೆ ಎದ್ದು ಬಂದಿದ್ದೀಯಾ?" ಎಂದು ಗಂಡ ರೇಗಿಸುತ್ತಿದ್ದರು.

ಅಂಥವರು ಮೆಟ್ಟಿಲಲ್ಲಿ ಜಾರಿ, ಕಾಲು ಮುರಿದುಕೊಂಡು ಮನೆ ಹಿಡಿದರು. ಚಿರತೆ ನೋಡಿಕೊಳ್ಳುವಾತ ಮಾತ್ರ ಎಂದಿನಂತೆ ಮಲದ ಡಬ್ಬಿಗಳನ್ನು ಫ್ರೀಜರಿನಲ್ಲಿಡುತ್ತಿದ್ದ. ವಾಪಸು ಬಂದು ಅವನ್ನು ಅಳೆದಾಗ ಮೇಡಂ ತಮ್ಮ ಕಣ್ಣನ್ನೇ ನಂಬಲಿಲ್ಲ. ಅವರಿಲ್ಲದಷ್ಟು ದಿನ ಭಯದ ಹಾರ್ಮೋನು ನೆಲ ಕಚ್ಚಿತ್ತು, ಬೆದೆಯ ಹಾರ್ಮೋನು ಮೊದಲ ಬಾರಿ ತಲೆಯೆತ್ತಿತ್ತು. ಅವರು ಮತ್ತೆ ಸ್ಟೂಲು ಹಾಕಿ ಕೂತ ಮೇಲಿನ ಡಬ್ಬಿಗಳಲ್ಲಿ ಎಲ್ಲವೂ ತಿರುಗುಮುರುಗು.

ಯಂತ್ರ ಕೆಟ್ಟಿದೆಯೆಂದು ಬೈದರು. ಮತ್ತೆ ಅಳೆದರು. ಆಮೇಲೆ ನೆನಪಾಯಿತು: ಈ ಲ್ಯಾಬು ಬರುವ ಮೊದಲು, ಅದಿನ್ನೂ ಮರಿಯಾಗಿದ್ದಾಗ, ಬಲೆ ಹಾಕಿ ನೆಲಕ್ಕೊತ್ತಿ ಹಿಡಿದು ಪದೇ ಪದೇ ರಕ್ತ ತೆಗೆದದ್ದು ಇದೇ ಕೈ. ಅವರು ಮರೆತಿದ್ದರು, ಅದು ಮರೆತಿರಲಿಲ್ಲ. ಇಷ್ಟು ವರ್ಷ ಸಂಭ್ರಮವೆಂದುಕೊಂಡದ್ದು ಹೆದರಿಕೆಯ ಓಡಾಟ.

ಸ್ಟೂಲನ್ನು ಲ್ಯಾಬಿಗೆ ತರಿಸಿಕೊಂಡರು. ಆ ಕಡೆಯ ದಾರಿಯನ್ನೇ ಬಿಟ್ಟರು. ಅಳು ಬಂದಾಗ ನಲ್ಲಿ ಬಿಟ್ಟುಕೊಂಡು ಗಾಜಿನ ಕೊಳವೆಗಳನ್ನು ತೊಳೆಯುತ್ತಿದ್ದರು; ಆ ತಿಂಗಳುಗಳಲ್ಲಿ ಅವು ಹಿಂದೆಂದೂ ಇಲ್ಲದಷ್ಟು ಹೊಳೆದವು. ಕೊನೆಗೊಂದು ದಿನ ಡಬ್ಬಿಯ ಪುಡಿಯಿಂದಲೇ ತಿಳಿಯಿತು, ಗರ್ಭ ನಿಂತಿದೆ.

ಹೆರಿಗೆಯಾದ ಬೆಳಿಗ್ಗೆ ಚಿರತೆ ನೋಡಿಕೊಳ್ಳುವಾತ ಓಡಿ ಬಂದ. "ಮೇಡಂ, ಎರಡು ಮರಿ! ಹಾಲು ಕುಡೀತಾ ಇವೆ. ದೂರದಿಂದ ಒಂದ್ಸಲ ನೋಡ್ಕೊಂಡು ಬಂದ್ಬಿಡಿ."

ಹೆದರಿದ ಬಾಣಂತಿ ಚಿರತೆ ತನ್ನ ಮರಿಗಳನ್ನೇ ಕೊಂದುಬಿಡುವುದುಂಟೆಂದು ಅವರಿಗೆ ಗೊತ್ತಿತ್ತು.

"ಬೇಡಪ್ಪ."

"ಹೋಗ್ಲಿ, ಫೋಟೋನಾದ್ರೂ ನೋಡಿ."

"ಅದೂ ಬೇಡ. ನೋಡಿದ್ರೆ ಕಾಲು ಇಲ್ಲಿ ನಿಲ್ಲಲ್ಲ." ಕೊಳವೆಯೊಂದನ್ನು ಕೈಗೆತ್ತಿಕೊಂಡು ಕೇಳಿದರು, "ಅವಳು ಏನು ಮಾಡ್ತಿದ್ದಾಳೆ?"

"ಆರಾಮಾಗಿ ಮಲಗಿದ್ದಾಳೆ ಮೇಡಂ. ನಾನು ಹೋದ್ರೂ ಏಳ್ಲಿಲ್ಲ."

"ಹಾಗೇ ಮಲಗಿರ್ಲಿ" ಎಂದು ಮೇಡಂ ನಲ್ಲಿ ತಿರುಗಿಸಿದರು.