ಗುಡ್ಡಪ್ಪನ ತುಟಿಗೆ ಬಿದ್ದ ಬೆಳಕು

ಮಾಡದಕೆರೆಯ ಗುಡ್ಡಪ್ಪನ ಆಸ್ತಿ ಎಂದರೆ ಎಪ್ಪತ್ತು ಕುರಿ ಮತ್ತು ಎರಡು ತುಟಿ. ತುಟಿ ಎರಡನ್ನೂ ಸೇರಿಸಿ ‘ಬ್ರ್ರ್ರ್ರ್’ ಎಂದು ನಡುಗಿಸಿದನೆಂದರೆ ಆಚೆ ದಿಣ್ಣೆಯ ಕುರಿಯೂ ಮೇವು ಬಿಟ್ಟು ಬರುತ್ತಿತ್ತು. ಮಗ ಶಿವರಾಜ್ ಗಂಟಲು ಹರಿದುಕೊಂಡರೂ ಅವು ಕಿವಿ ಅಲುಗಿಸುತ್ತಿರಲಿಲ್ಲ. ಹಾಗೆಂದು ಗುಡ್ಡಪ್ಪ ಸುಮ್ಮಸುಮ್ಮನೆ ಕರೆಯುವವನಲ್ಲ. ಕರೆದ ಮೇಲೆ ಬಂದ ಕುರಿಯ ಬಾಯಿಗೆ ಏನಾದರೂ ಇಡಲೇಬೇಕು, ಒಂದು ಹಿಡಿ ಜಾಲಿಕಾಯಿಯಾದರೂ ಸರಿ. ಬರಿಗೈಯಲ್ಲಿ ಕರೆದವನ ಮಾತನ್ನು ಕುರಿ ಎರಡನೇ ಸಲ ಕೇಳುವುದಿಲ್ಲ. ವೋಟು ಕೇಳಲು ಬರುವವರಿಗೆ ಇಲ್ಲದ ಈ ಬುದ್ಧಿ ಅವನಿಗೆ ಅಪ್ಪನಿಂದ ಬಂದಿತ್ತು.

ಅಂಥವನ ಕೆಳತುಟಿಯಲ್ಲಿ, ನಲವತ್ತು ವರ್ಷ ಹೊಗೆಸೊಪ್ಪು ಅಡಗಿಸಿಟ್ಟ ಜಾಗದಲ್ಲೇ, ಹುಣ್ಣೊಂದು ಎದ್ದು ಮಾಯದೆ ಕೂತಿತು. ಹೆಂಡತಿ ಗಿರಿಯಮ್ಮ ಜಗಳ ಮಾಡಿ ಚಿತ್ರದುರ್ಗದ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಕ್ಯಾನ್ಸರ್ ಎಂದರು. ಅರ್ಧ ತುಟಿ ಕತ್ತರಿಸಬೇಕು ಎಂದರು.

“ಪ್ರಾಣ ಹೋದ್ರೂ ಹೋಗ್ಲಿ. ತುಟಿ ಹೋದ್ರೆ ಕುರಿ ಕರೆಯಾದು ಹೆಂಗೆ?” ಗುಡ್ಡಪ್ಪ ಎದ್ದೇಬಿಟ್ಟ.

“ಕುಂತ್ಕಳ್ರಿ,” ಎಂದರು ಡಾಕ್ಟರ್ ಅನುಪಮಾ. ಹೊಳಲ್ಕೆರೆಯವರಾದ್ದರಿಂದ ಮಾತು ಮನೆಯವರದೇ ಅನಿಸಿತು. “ಇನ್ನೊಂದು ದಾರಿ ಐತೆ. ಇನ್ನೂ ಪ್ರಯೋಗ, ಗ್ಯಾರಂಟಿ ಕೊಡಾಕಾಗಲ್ಲ. ಔಷಧೀನ ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಕಣದೊಳಗೆ ತುಂಬಿ ರಕ್ತಕ್ಕೆ ಬಿಡ್ತೀವಿ. ಮೈಯೆಲ್ಲ ಓಡಾಡ್ತಾವೆ, ಹುಣ್ಣಿನ ಹತ್ರ ಜಾಸ್ತಿ ಸೇರ್ಕಂತಾವೆ. ತುಟಿಗೆ ಕೆಂಪು ಬೆಳಕು ಬಿಟ್ಟಾಗ ಅಲ್ಲಿರೋವು ಮಾತ್ರ ಬಾಯಿ ಬಿಚ್ಚಿ ಔಷಧಿ ಸುರಿತಾವೆ.”

ಗುಡ್ಡಪ್ಪ ಯೋಚಿಸಿದ. “ಅಂದ್ರೆ ಮಂದೆ ಊರೆಲ್ಲ ಸುತ್ತಿದ್ರೂ ಕರೆದ ಕಡೆ ಮಾತ್ರ ಬಾಯಿ ಹಾಕ್ತಾವೆ ಅನ್ರಿ.”

“ಹಂಗೇ ಅನ್ಕಳ್ರಿ. ಆದ್ರೆ ಆಮೇಲೆ ಹತ್ತು ದಿನ ಬಿಸಿಲಿಗೆ ಬರಂಗಿಲ್ಲ. ಬಿಸಿಲೂ ಬೆಳಕೇ.”

ಸೂಜಿ ಚುಚ್ಚಿ, ಎರಡು ದಿನ ಕತ್ತಲ ಕೋಣೆಯಲ್ಲಿಟ್ಟು, ಹನ್ನೆರಡು ನಿಮಿಷ ದೀಪ ಬಿಟ್ಟರು. ಹಸಿಮೆಣಸಿನಕಾಯಿ ತಾಗಿದ ಹಾಗೆ ಚುರುಗುಟ್ಟಿತು, ಅಷ್ಟೇ. ತುಟಿಗೆ ಪಟ್ಟಿ ಹಾಕಿಸಿಕೊಂಡು ರಾತ್ರಿ ಬಸ್ಸಿಗೆ ಊರಿಗೆ ಬಂದವನು ಎಳೆಮರಿಗಳನ್ನು ಕೂಡುವ ಕತ್ತಲೆ ಕೊಠಡಿ ಸೇರಿಕೊಂಡ. ಮರಿಗಳು ಅವನ ಪಂಚೆ ಚೀಪುತ್ತಿದ್ದವು. ಸುಖವಾಗಿಯೇ ಇದ್ದ.

ಆರನೇ ದಿನ ಮಧ್ಯಾಹ್ನ ಶಿವರಾಜ್ ಏದುಸಿರು ಬಿಡುತ್ತ ಬಂದ. “ಅಪ್ಪಾ, ಕುರಿ ಗಂಗಾಧರಪ್ಪನ ಅಲಸಂದೆ ಹೊಲಕ್ಕೆ ನುಗ್ಯಾವೆ. ಒಂದನ್ನ ಅಟ್ಟಿದ್ರೆ ಹತ್ತು ಒಳಗೆ ಹೋಗ್ತಾವೆ!”

ಗುಡ್ಡಪ್ಪ ಕಂಬಳಿಯನ್ನು ಕೊಪ್ಪೆ ಮಾಡಿ ನೆತ್ತಿಯಿಂದ ಮಂಡಿಯವರೆಗೆ ಹೊದ್ದು, ಮುಖ ಒಳಗೆ ಹುದುಗಿಸಿಕೊಂಡು ಓಡಿದ. ರೋಗ ತುಟಿಗೆ, ಮರೆಯೂ ತುಟಿಗೆ ಎಂಬುದು ಅವನ ಎಣಿಕೆ. ಕಾಲಿಗೆ ಇಳಿಬಿಟ್ಟ ಪಂಚೆ ಇತ್ತು, ಕೋಲು ಹಿಡಿದ ಬಲಗೈ ಮಾತ್ರ ಹೊರಗಿತ್ತು. ಕುರಿ ಕಾಯುವವರು ಕೊಪ್ಪೆ ಹಾಕುವುದೇ ಹಾಗೆ. ಪಟ್ಟಿ ಕಟ್ಟಿದ ತುಟಿಯಿಂದ ಕರೆಯುವುದು ಆಗದೆ, ಅರ್ಧ ಗಂಟೆ ಕೋಲಿನಲ್ಲೇ ಅಟ್ಟಿ ಮಂದೆ ಹೊರಗೆ ತಂದ. ಸಂಜೆಗೆ ಕೈ ಕೆಂಪಗೆ ಊದಿ, ಬೆಂಕಿಗೆ ಹಿಡಿದಂತೆ ಉರಿಯತೊಡಗಿತು.

ಮಾರನೇ ದಿನ ಕೈಗೂ ಕಂಬಳಿ ಸುತ್ತಿಕೊಂಡು ಮೊದಲ ಬಸ್ಸಿಗೇ ಹೊರಟು ಡಾಕ್ಟರ ಮುಂದೆ ನಿಂತ.

“ತಪ್ಪಾಗೈತೆ ಡಾಕ್ಟ್ರೆ. ತುಟಿಗಂತ ಕೊಟ್ಟ ಔಷಧಿನೆಲ್ಲ ಕೈಗೆ ಚೆಲ್ಕಂಡೆ.” ಕಣ್ಣಲ್ಲಿ ನೀರಿತ್ತು.

ಅನುಪಮಾ ಮೊದಲು ಚೆನ್ನಾಗಿ ಬೈದರು. ಆಮೇಲೆ ಹೇಳಿದರು: “ತುಟೀದು ತುಟಿಗೆ ಅವತ್ತೇ ಸೇರೈತೆ. ಇದು ಮೈಯಾಗೆ ಉಳಿದಿದ್ದು. ಕೈ ವಾಸಿ ಆಗ್ತದೆ. ತುಟಿ ಕತೆ ಎರಡು ತಿಂಗಳ ಮೇಲೆ ನೋಡಾಣ.”

ಆ ಎರಡು ತಿಂಗಳು ಗುಡ್ಡಪ್ಪ ಒಮ್ಮೆಯೂ ತುಟಿ ನಡುಗಿಸಿ ನೋಡಲಿಲ್ಲ. ಹೆದರಿಕೆ. ಹೊಗೆಸೊಪ್ಪಿನ ಚೀಲವನ್ನು ಗಿರಿಯಮ್ಮ ಒಲೆಗೆ ಹಾಕಿದಾಗಲೂ ತುಟಿಪಿಟಕ್ಕೆನ್ನಲಿಲ್ಲ.

ಕಡೆಗೆ ತುಟಿಯ ಚೂರು ತೆಗೆದು ಪರೀಕ್ಷೆ ಮಾಡಿ, ಸದ್ಯಕ್ಕೆ ರೋಗವಿಲ್ಲ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದರು. ಡಾಕ್ಟರಿಗೂ ಕುತೂಹಲ. “ಎಲ್ಲಿ, ಒಂದ್ಸಾರಿ ಕರೀರಿ ಕೇಳಾಣ.”

“ಕುರಿ ಇಲ್ಲದ ಕಡೆ ಕರೀಬಾರದ್ರಿ,” ಎಂದು ಗುಡ್ಡಪ್ಪ ಕೈ ಮುಗಿದ.

ಹೊಸದುರ್ಗದಲ್ಲಿ ಬಸ್ಸು ಬದಲಿಸುವಾಗ ಜೊತೆಗಿದ್ದ ಗಿರಿಯಮ್ಮನಿಗೆಂದು ಒಂದು ಚಿಪ್ಪು ಬಾಳೆಹಣ್ಣು ಕೊಂಡ. ಇಷ್ಟು ವರ್ಷದಲ್ಲಿ ಇದೇ ಮೊದಲು. ಅವಳು ಎರಡು ಸಲ ಮುಖ ನೋಡಿದಳು. ಊರಮುಂದೆ ಇಳಿದಾಗ ಮಂದೆ ಬಯಲಲ್ಲಿ ಮೇಯುತ್ತಿತ್ತು. ಗುಡ್ಡಪ್ಪ ನಿಂತ. ಮೊದಲ ಸಲ ಬರೀ ಗಾಳಿ ಬಂತು. ತುಟಿ ಒದ್ದೆ ಮಾಡಿಕೊಂಡು ಮತ್ತೆ ಊದಿದ.

‘ಬ್ರ್ರ್ರ್ರ್.’

ಕಿವಿ ಹರಿದ ಹಳೇ ಕುರಿ ತಲೆ ಎತ್ತಿತು. ಓಡಿ ಬಂತು. ಹಿಂದೆ ಮಂದೆಗೆ ಮಂದೆಯೇ ಬಂದು ಅವನನ್ನು ಮುತ್ತಿತು. ಗಿರಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುಡ್ಡಪ್ಪ ಜೇಬು ತಡಕಿದ. ಔಷಧಿ ಚೀಟಿ ಬಿಟ್ಟರೆ ಏನೂ ಇರಲಿಲ್ಲ. ಮೆಲ್ಲಗೆ ಅವಳ ಚೀಲಕ್ಕೆ ಕೈ ಹಾಕಿದ.

“ಏ, ಅವು ನಂಗಂತ ತಂದಿದ್ದಲ್ವಾ!”

“ಕರೆದುಬಿಟ್ನಲ್ಲೇ,” ಎಂದು ಗುಡ್ಡಪ್ಪ ಮೊದಲ ಹಣ್ಣು ಮುರಿದ.