ಗುರಿ ತಪ್ಪಿದ ಬಂದೂಕಿನ ಮುಂದೆ ಲೀಲ್ಯಾಂಡ್ ಸ್ಕಾರ್

ಮೊಂಟಾನಾದ ಈ ಬಯಲುಸೀಮೆಯಲ್ಲಿ ಬಂದೂಕು ರಿಪೇರಿ ಬಲ್ಲವರಿಗೆ ಬರವಿಲ್ಲ; ಅದನ್ನು ಒಂದು ಶಾಸ್ತ್ರವೆಂದು ತಿಳಿದು ಕಲಿಸಿದವರು ಮಾತ್ರ ವಿರಳ. ಆ ವಿರಳರಲ್ಲಿ ನಮ್ಮ ವಿಲೋ ಫೋರ್ಕ್ ಕಸುಬುಶಾಲೆಯ ಶ್ರೀ ಲೀಲ್ಯಾಂಡ್ ಸ್ಕಾರ್ ಅವರದು ಮೊದಲ ಸಾಲಿನ ಹೆಸರು. ಒಂದು ಗುಂಡು ಹಾರಿದೊಡನೆ ಆ ಸ್ಫೋಟದ ಒತ್ತಡದಿಂದಲೇ ಮುಂದಿನ ತೋಟಾವನ್ನು ಒಳಗೆಳೆದುಕೊಳ್ಳುವ ಅರೆ-ಸ್ವಯಂಚಾಲಿತ ರೈಫಲ್ ಗುರಿ ತಪ್ಪತೊಡಗಿದರೆ ಕಾರಣ ಹುಡುಕುವುದು ಎಷ್ಟು ಕಷ್ಟವೆಂಬುದನ್ನು ಕಸುಬಿನವರು ಬಲ್ಲರು. ಅದರಲ್ಲಿ ಅಲುಗಾಡುವ ಭಾಗಗಳು ಹೆಚ್ಚು. ಪ್ರತಿ ಗುಂಡಿಗೂ ಅವೆಲ್ಲ ಹಿಂದಕ್ಕೆ ಬಡಿದು, ಮತ್ತೆ ಮುಂದೆ ಬಂದು, ಕೂದಲೆಳೆಯಷ್ಟೂ ಆಚೀಚೆಯಾಗದೆ ಅದೇ ಜಾಗದಲ್ಲಿ ಕೂರಬೇಕು. ಮೂವತ್ತೆಂಟು ವರ್ಷಗಳ ಕಾಲ ಆ ಕೂದಲೆಳೆಯ ಅಂತರವನ್ನು ಹುಡುಕಿ ತೋರಿಸಿದ ಹಿರಿಯರು ಈ ಜೂನ್‌ನಲ್ಲಿ ನಿವೃತ್ತರಾಗುತ್ತಿದ್ದಾರೆ.

ಅವರು ಶಾಲೆಗೆ ಬಂದದ್ದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ, ಸೈನ್ಯದ ಆಯುಧ ದುರಸ್ತಿ ವಿಭಾಗದಲ್ಲಿ ಹತ್ತು ವರ್ಷ ದುಡಿದ ಮೇಲೆ. ಬಂದ ಮೊದಲ ವಾರವೇ ಗೋಡೆಯ ಮೇಲಿನ ಬೋಧನಾಪಟಗಳನ್ನೆಲ್ಲ ಕಿತ್ತು ಒಲೆಗೆ ಹಾಕಿದರೆಂದು ಹಳಬರು ಹೇಳುತ್ತಿದ್ದರು. ಅವರ ಪಾಠದ ಕ್ರಮ ಸರಳವಾಗಿತ್ತು. ಮೊದಲು ಸಡಿಲವಾದ ತಿರುಪು, ಆಮೇಲೆ ನಳಿಗೆಯ ತುದಿ, ಆಮೇಲೆ ಮರ ಮತ್ತು ಲೋಹ ಒಂದನ್ನೊಂದು ಮುಟ್ಟುವ ಜಾಗ, ಆಮೇಲೆ ತೋಟಾ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು. ಬಂದೂಕು ಹಿಡಿದ ಮನುಷ್ಯನ ಮೇಲೆ ಅನುಮಾನ ಕಟ್ಟಕಡೆಗೆ. ಚಳಿಗಾಲದಲ್ಲಿ ತೂತುಬಿದ್ದ ಬೂಟು ಹಾಕಿಕೊಂಡು ಬರುತ್ತಿದ್ದ ನನ್ನ ಸಹಪಾಠಿ ವೆಂಡೆಲ್‌ಗೆ, "ನನ್ನ ಕಾಲಿಗೆ ಇದು ಕಚ್ಚುತ್ತೆ ಕಣೋ, ಬಿಸಾಕೋಕೆ ಮನಸ್ಸಿಲ್ಲ" ಎಂದು ಹೊಸ ಜೋಡಿಯನ್ನು ಕೊಟ್ಟವರೂ ಇವರೇ. ಆ ಬೂಟು ವೆಂಡೆಲ್‌ನ ಅಳತೆಯದಾಗಿತ್ತು. ಮೇಷ್ಟ್ರ ಪಾದ ಅದಕ್ಕಿಂತ ಎರಡು ಬೆರಳು ದೊಡ್ಡದು.

ಸಂಪಾದಕರು ನನ್ನಿಂದ ಕೇಳಿದ್ದು ಅವರ ಬೋಧನಾಕ್ರಮದ ಮೇಲೆ ಒಂದು ಲೇಖನ. ನಾನು ಬರೆಯಬಲ್ಲದ್ದು ಒಂದೇ ಒಂದು ಬಂದೂಕಿನ ವಿಷಯ.

ಎಂಬತ್ತೇಳರ ಜನವರಿಯ ಆರಂಭ. ಆರ್ಡಿತ್ ಕ್ವಾಲೆ ಎಂಬ ದನಗಾಹಿ ಮನೆತನದ ಹೆಂಗಸು ಕಂಬಳಿಯಲ್ಲಿ ಸುತ್ತಿದ ಒಂದು ಹಳೆಯ ಸೈನ್ಯದ ರೈಫಲನ್ನು ನಮ್ಮ ಕಾರ್ಯಾಗಾರದ ಮೇಜಿನ ಮೇಲೆ ಮಲಗಿಸಿದಳು. ಅದು ಯಾವುದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನವೆಂಬರಿನ ಬೇಟೆಯಲ್ಲಿ ಅವಳ ಗಂಡ ನಾರಿಸ್ ಆ ಬಂದೂಕಿನಿಂದ ಒಂದು ಸಾರಂಗಕ್ಕೆ ಗುಂಡು ಹಾರಿಸಿದ್ದ. ಗುಂಡು ಅವನ ತಮ್ಮ ಡೇಲ್‌ನ ಎದೆಗೆ ತಗುಲಿತ್ತು. ಡೇಲ್ ಹೇಳಿದ್ದಕ್ಕಿಂತ ಮೊದಲೇ ಗುಡ್ಡ ಬಳಸಿ ಬಂದು, ಬೇಟೆಗಾರರು ಕಣ್ಣಿಗೆ ಬೀಳಲೆಂದು ತೊಡುವ ಕಿತ್ತಳೆ ಬಣ್ಣದ ಮೇಲಂಗಿಯನ್ನು ಬಿಚ್ಚಿ, ಅದರ ಮೇಲೆಯೇ ಪೊದೆಯೊಂದರ ಮರೆಯಲ್ಲಿ ಕೂತಿದ್ದನಂತೆ. ಸಾರಂಗದ ಹೆಜ್ಜೆಗಳನ್ನು ಅದೇ ಸಂಜೆಯ ಹಿಮಗಾಳಿ ಅಳಿಸಿಹಾಕಿತ್ತು. ಅಣ್ಣತಮ್ಮಂದಿರ ನಡುವೆ ನೀರುಕಾಲುವೆಯ ಜಗಳ ಐದು ವರ್ಷದ್ದು. ಸಾರಂಗವೇ ಇರಲಿಲ್ಲವೆಂದು ಊರು ಪಿಸುಗುಟ್ಟುತ್ತಿತ್ತು. ಸಾವಿನ ವಿಚಾರಣೆ ಫೆಬ್ರವರಿಗೆ ನಿಗದಿಯಾಗಿತ್ತು.

"ಮೇಷ್ಟ್ರೇ, ಶೆರಿಫ್ ಕಡೆಯವ್ರು ಹೊಡೆದು ನೋಡಿ ಬಂದೂಕಲ್ಲಿ ದೋಷ ಇಲ್ಲ ಅಂತ ವಾಪಸ್ ಕೊಟ್ರು" ಎಂದಳು ಆರ್ಡಿತ್.

"ನನ್ನಿಂದ ಏನಾಗ್ಬೇಕು, ಆರ್ಡಿತ್?"

"ದೋಷ ಯಾವುದರದ್ದು ಅಂತ ಗೊತ್ತಾಗ್ಬೇಕು. ಇದರದ್ದೋ, ನಮ್ಮನೆಯವರದ್ದೋ. ರಾತ್ರಿ ಪಕ್ಕದಲ್ಲಿ ಮಲಗೋಳು ನಾನು. ನನಗೆ ಗೊತ್ತಾಗ್ಲೇಬೇಕು."

ಆ ರೈಫಲಿಗೆ ಗುರಿನೋಟದ ದುರ್ಬೀನನ್ನು ಕೂರಿಸಿದ್ದು ಹಿಂದಿನ ಬೇಸಿಗೆಯಲ್ಲಿ ನಮ್ಮ ಶಾಲೆಯಲ್ಲಿಯೇ. ಕೂರಿಸಿದ ಕೈ ನನ್ನದು. ದುರ್ಬೀನನ್ನು ಹಿಡಿದಿಡುವ ಉಕ್ಕಿನ ಹಿಡಿಕೆಗೆ ತೋಡು ಕೊರೆಯುವಾಗ ನಾನು ಒಂದಿಷ್ಟು ಹೆಚ್ಚು ಉಜ್ಜಿಬಿಟ್ಟಿದ್ದೆ. ಹೊಸ ಹಿಡಿಕೆ ಕೇಳಲು ನಾಚಿಕೆಯಾಗಿ, ಅಪ್ಪನ ನಶ್ಯದ ಡಬ್ಬಿಯ ಮುಚ್ಚಳದಿಂದ ಉಗುರಿನಷ್ಟು ದಪ್ಪದ ತಗಡಿನ ಚೂರು ಕತ್ತರಿಸಿ, ಅಂಟು ಹಚ್ಚಿ ಆ ಸಂದಿಗೆ ತುಂಬಿದ್ದೆ. ತಿರುಪು ಬಿಗಿಯಾಯಿತು, ಏನೂ ಅಲುಗಲಿಲ್ಲ, ತಪಾಸಣೆಯ ಚೀಟಿಗೆ ಮೇಷ್ಟ್ರ ಸಹಿಯೂ ಬಿತ್ತು. ಆರ್ಡಿತ್ ಕಂಬಳಿ ಬಿಚ್ಚಿದಾಗ ನನಗೆ ಆ ತಗಡು ನೆನಪಾಯಿತು. ನಾನು ಬಾಯಿ ಬಿಡಲಿಲ್ಲ. ಆಗ ನಾನು ಇಪ್ಪತ್ತು ವರ್ಷದ ಹುಡುಗಿ. ಅದನ್ನು ಇಲ್ಲಿ ಸಮರ್ಥನೆಯಾಗಿ ಬರೆಯುತ್ತಿಲ್ಲ.

ಮೇಷ್ಟ್ರು ಮೂರು ವಾರ ಆ ಬಂದೂಕನ್ನು ಪರೀಕ್ಷಿಸಿದರು. ನಳಿಗೆಯ ತುದಿಯನ್ನು ಭೂತಗನ್ನಡಿಯಿಂದ ನೋಡಿದರು, ಅನಿಲದ ಕೊಳವೆಯನ್ನು ಅಲುಗಿಸಿ ನೋಡಿದರು, ನಾಲ್ಕು ಬಗೆಯ ತೋಟಾ ಹಾಕಿ ನೋಡಿದರು. ಗುಂಡು ಹೊಡೆದು ನೋಡಲೆಂದೇ ಕಟ್ಟಿದ, ಬಿಸಿಮಾಡಿದ ಉದ್ದನೆಯ ಕೊಟ್ಟಿಗೆಯಲ್ಲಿ ಮರಳುಚೀಲದ ಮೇಲಿಟ್ಟು ಇನ್ನೂರಕ್ಕೂ ಹೆಚ್ಚು ಗುಂಡು ಹಾರಿಸಿದರು. ಪ್ರತಿ ಸಲವೂ ಐದು ಗುಂಡು ಒಂದು ಬೆಳ್ಳಿನಾಣ್ಯದಡಿಯಲ್ಲಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದವು. ಅಷ್ಟು ಹಳೆಯ ಸೈನ್ಯದ ರೈಫಲ್ ಅಷ್ಟು ಚೊಕ್ಕವಾಗಿ ಹೊಡೆಯುವುದನ್ನು ನಾವಾರೂ ಕಂಡಿರಲಿಲ್ಲ. ನಾಲ್ಕನೆಯ ದಿನದಿಂದ ಹುಡುಗರು ಆ ಬಂದೂಕನ್ನು ತೂಗುಹಾಕಿದ್ದ ಗೂಟದ ಬಳಿ ಹಾಯುವುದನ್ನೇ ಬಿಟ್ಟರು.

"ಯಾಕೋ ವೆಂಡೆಲ್, ಸುತ್ತು ಹಾಕ್ಕೊಂಡು ಹೋಗ್ತೀಯ? ಕಚ್ಚುತ್ತಾ ಅದು?" ಎಂದು ಒಬ್ಬ ಕೆಣಕಿದ.

"ಕಚ್ಚಿದ್ರೆ ಪರವಾಗಿಲ್ಲ ಮಾರಾಯ. ಇಷ್ಟು ಒಳ್ಳೇದಾಗಿ ನಡ್ಕೊಳ್ತಿದೆಯಲ್ಲ, ಅದೇ ಹೆದರಿಕೆ" ಎಂದ ವೆಂಡೆಲ್.

ಗುರಿಹಲಗೆಯಲ್ಲಿ ತೂತುಗಳು ಒಂದರೊಳಗೊಂದು ಬಿದ್ದಂತೆಲ್ಲ ನನ್ನ ಎದೆ ಹಗುರವಾಗುತ್ತಿತ್ತು. ಹಗುರವಾದಷ್ಟೂ ನಾರಿಸ್ ಕ್ವಾಲೆಯ ಕೊರಳಿನ ಕುಣಿಕೆ ಬಿಗಿಯುತ್ತಿದೆಯೆಂದು ನನಗೆ ತಿಳಿದೇ ಇತ್ತು. ದುರ್ಬೀನಿನ ಹಿಡಿಕೆಯನ್ನು ಬಿಚ್ಚಿ ನೋಡೋಣವೆಂದು ವೆಂಡೆಲ್ ಒಮ್ಮೆ ಸೂಚಿಸಿದ. ಮೇಷ್ಟ್ರು ಬೇಡವೆಂದು ತಲೆಯಾಡಿಸಿದರು. "ಬಿಚ್ಚಿದ್ರೆ ಅದು ಬೇರೆ ಬಂದೂಕು ಆಗುತ್ತೆ. ಮೊದ್ಲು ಅದು ತಪ್ಪು ಮಾಡಿ ತೋರಿಸ್ಲಿ. ಆಮೇಲೆ ಬಿಚ್ಚೋಣ."

ಒಂದು ಬೆಳಿಗ್ಗೆ ಅವರು ಬರೆದಿಟ್ಟಿದ್ದನ್ನೆಲ್ಲ ಮತ್ತೆ ಓದಿ, ಪುಸ್ತಕ ಮುಚ್ಚಿದರು. "ಎಲ್ಲ ಗುಂಡೂ ಬೆಚ್ಚಗೆ ಕೂತು ಹೊಡೆದಿದ್ದೀವಿ. ನಾರಿಸ್ ಕೂತಿರ್ಲಿಲ್ಲ, ಬೆಚ್ಚಗೂ ಇರ್ಲಿಲ್ಲ" ಎಂದರು. ಬಂದೂಕನ್ನು ಎರಡು ದಿನ ಹೊರಗಿನ ಕೊರೆಯುವ ಚಳಿಯಲ್ಲಿ ತೂಗುಹಾಕಿಸಿದರು. ಮೂರನೆಯ ದಿನ ಅದನ್ನು ತೆರೆದ ಗಾಡಿಯ ಹಿಂಭಾಗದಲ್ಲಿಟ್ಟುಕೊಂಡು ಕ್ವಾಲೆಯವರ ಗುಡ್ಡಕ್ಕೆ ಹೊರಟರು. ಜೊತೆಗೆ ನಾನು, ವೆಂಡೆಲ್. ಶೆರಿಫ್ ಕಚೇರಿಯ ಒಬ್ಬ ಅಧಿಕಾರಿ ಸಾಕ್ಷಿಗಾಗಿ ಬಂದಿದ್ದ.

ನಾರಿಸ್ ಅಲ್ಲಿ ಮೊದಲೇ ನಿಂತಿದ್ದ. ತಮ್ಮ ಸತ್ತಂದಿನಿಂದ ಅವನು ಯಾರೊಡನೆಯೂ ಮಾತಾಡಿರಲಿಲ್ಲವೆಂದು ಕೇಳಿದ್ದೆವು. ಸಾರಂಗ ನಿಂತಿದ್ದ ಜಾಗವನ್ನು ಅವನು ತೋರಿಸಿದ. ಅಲ್ಲಿ ಗುರಿಹಲಗೆ ನೆಟ್ಟೆವು. ಹಿಂದಿರುಗುವಾಗ ಅವನು ಡೇಲ್ ಕೂತಿದ್ದ ಪೊದೆಯ ಬಳಿ ನಿಂತುಬಿಟ್ಟ.

"ಇಲ್ಲೂ ಒಂದು ಹಲಗೆ ನಿಲ್ಸಿ, ಮೇಷ್ಟ್ರೇ."

"ಇಲ್ಲಿಗೆ ಬೇಕಾಗಿಲ್ಲ, ನಾರಿಸ್. ನಾನು ಗುರಿಯಿಡೋದು ಅಲ್ಲಿಗೆ."

"ಖಾಲಿ ಬಿಟ್ರೆ ನನಗೆ ಅವನು ಕಾಣಿಸ್ತಾನೆ. ದಿನಾ ಬೆಳಿಗ್ಗೆ ಕಾಣಿಸ್ತಾನೆ, ನನ್ನ ಕಡೆ ತಿರುಗಿ ಕೂತಿರ್ತಾನೆ. ಏನಾದ್ರೂ ಅಡ್ಡ ಇಡಿ."

ಮೇಷ್ಟ್ರು ಗಾಡಿಯಿಂದ ಒಂದು ಬರಿಯ ಹಲಗೆ ತರಿಸಿ, ಕೂತ ಮನುಷ್ಯನೆತ್ತರಕ್ಕೆ ಅಲ್ಲಿ ನೆಡಿಸಿದರು. ಆಮೇಲೆ ರೈಫಲನ್ನು ಹೆಗಲಿಗೆ ನೇತುಹಾಕಿಕೊಂಡು, ನಾರಿಸ್ ಅಂದು ನಡೆದ ದಾರಿಯಲ್ಲೇ ಗುಡ್ಡವನ್ನು ಸುತ್ತಿ ಬಂದರು. ಮುಕ್ಕಾಲು ಗಂಟೆಯ ನಡಿಗೆ. ಹೆಜ್ಜೆ ಹೆಜ್ಜೆಗೂ ದುರ್ಬೀನು ಅವರ ಬೆನ್ನಿಗೆ ಟಪ್ ಟಪ್ ಎಂದು ಬಡಿಯುತ್ತಿದ್ದುದು ಆ ನಿಶ್ಶಬ್ದದಲ್ಲಿ ನಮಗೆ ದೂರದವರೆಗೂ ಕೇಳುತ್ತಿತ್ತು. ಬಂದು, ನಿಂತು, ಇನ್ನೂರೈವತ್ತು ಹೆಜ್ಜೆಯ ದೂರದ ಗುರಿಹಲಗೆಯ ನಟ್ಟನಡುವಿಗೆ ಗುರಿಯಿಟ್ಟು ಒಂದು ಗುಂಡು ಹಾರಿಸಿದರು. ಗುರಿಹಲಗೆ ಅಲುಗಲಿಲ್ಲ. ಬಲಗಡೆಯಲ್ಲಿ ಬರಿಯ ಹಲಗೆಯಿಂದ ಹಿಮದ ಪುಡಿ ಉದುರಿತು.

ಎರಡನೆಯ ಗುಂಡು ಗುರಿಹಲಗೆಯ ನಟ್ಟನಡುವಿಗೇ ಬಿತ್ತು. ಮೂರನೆಯದೂ ಅಲ್ಲಿಗೇ.

ಮೇಷ್ಟ್ರು ಬಂದೂಕನ್ನು ಮತ್ತೆ ಹೆಗಲಿಗೇರಿಸಿ ಇನ್ನೊಂದು ಸುತ್ತು ಹೊರಟರು. ಐದು ಸಲ ಹೋದರು, ಐದು ಸಲ ಬಂದರು. ಐದು ಸಲವೂ ಮೊದಲ ಗುಂಡು, ಅವರು ನೋಡದ, ಗುರಿಯಿಡದ, ಯಾರೂ ಇಲ್ಲದ ಆ ಜಾಗಕ್ಕೇ ಹೋಯಿತು. ಸಂಜೆಗೆ ವೆಂಡೆಲ್ ಆ ಹಲಗೆಯನ್ನು ಕಿತ್ತು ತಂದಾಗ ಐದು ತೂತುಗಳೂ ಒಂದೇ ಅಂಗೈಯಡಿ ಮುಚ್ಚಿದವು. ನಾರಿಸ್ ಕೈಗವಸು ಕಳಚಿ ಅವುಗಳ ಮೇಲೆ ಅಂಗೈಯಿಟ್ಟ.

"ಅಲ್ಲೇ. ಅವನಿಗೂ ಅಲ್ಲೇ" ಎಂದ.

ಅಧಿಕಾರಿಯ ಎದುರಿನಲ್ಲೇ, ಗಾಡಿಯ ಹಿಂಬಾಗಿಲಿನ ಮೇಲೆ, ಮೇಷ್ಟ್ರು ಹಿಡಿಕೆಯನ್ನು ಬಿಚ್ಚಿದರು. ಅಂಟು ಚಳಿಗೆ ಬಿರಿದು ಪುಡಿಯಾಗಿತ್ತು. ಬೆನ್ನಿನ ಬಡಿತಕ್ಕೆ ಹಿಡಿಕೆ ಆ ಸಂದಿಯಷ್ಟು ಒಂದು ಕಡೆಗೆ ಸರಿಯುತ್ತಿತ್ತು. ಮೊದಲ ಗುಂಡಿನ ಒದೆತಕ್ಕೆ ಮತ್ತೆ ಸ್ವಸ್ಥಾನಕ್ಕೆ ಬಂದು ಕೂರುತ್ತಿತ್ತು. ಬೆಚ್ಚಗಿನ ಕೊಟ್ಟಿಗೆಯಲ್ಲಿ, ಹೊತ್ತು ನಡೆಯದೆ ಹೊಡೆದವರಿಗೆ ಅದು ತೋರುವಂತೆಯೇ ಇರಲಿಲ್ಲ. ಸಂದಿಯಿಂದ ಹಸಿರು ಬಣ್ಣದ ತಗಡಿನ ಚೂರು ಜಾರಿ ಬಿತ್ತು. ನಶ್ಯದ ಡಬ್ಬಿಯ ಅರ್ಧ ಅಕ್ಷರ ಇನ್ನೂ ಅದರ ಮೇಲಿತ್ತು.

ಅವರು ನನ್ನತ್ತ ನೋಡಿದರು. ನನ್ನ ಬಾಯಿ ತೆರೆಯಿತು. ಅಷ್ಟರಲ್ಲಿ ಅಧಿಕಾರಿ ಕೇಳಿದ: "ಇದು ಯಾರ ಕೆಲಸ, ಮೇಷ್ಟ್ರೇ?"

"ಚೀಟಿ ಮೇಲೆ ಸಹಿ ನನ್ನದು. ನನ್ನ ಕೆಲಸ ಅಂತಲೇ ಬರ್ಕೊಳ್ಳಿ."

ಶಾಲೆಗೆ ಮರಳಿದ ಮೇಲೆ ನಾನು ಅವರ ಕೋಣೆಗೆ ಹೋದೆ. "ಮೇಷ್ಟ್ರೇ, ವಿಚಾರಣೇಲಿ ನಾನೇ ಹೇಳ್ತೀನಿ" ಎಂದೆ.

"ನೀನು ಕಲಿಯೋಳು, ತಪ್ಪು ಮಾಡ್ತೀಯ. ನೋಡ್ಬೇಕಾದೋನು ನಾನು, ನೋಡ್ಲಿಲ್ಲ. ಅವರು ಕೇಳೋದು ಅದನ್ನೇ" ಎಂದರು. ಪುಸ್ತಕವನ್ನು ಕಪಾಟಿಗೆ ಸೇರಿಸುತ್ತ, "ಆದ್ರೆ ಮಾರ್ಲಿಸ್, ಮೂರು ವಾರ ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ. ಅದಕ್ಕೆ ನನ್ನ ಸಹಿ ಇಲ್ಲ. ಅದು ನಿನ್ನದೇ" ಎಂದರು. ದನಿ ಏರಿಸಲಿಲ್ಲ. ನಾಳೆ ಏಳು ಗಂಟೆಗೆ ಬಂದು ಹತ್ತು ಹಿಡಿಕೆ ಕೂರಿಸಬೇಕು, ತಗಡಿಲ್ಲದೆ, ಎಂದು ಹೇಳಿ ದೀಪವಾರಿಸಿದರು.

ವಿಚಾರಣೆಯಲ್ಲಿ ಅವರು ಎರಡು ಹಲಗೆಗಳನ್ನೂ ತೋರಿಸಿ, ತಗಡನ್ನು ಮೇಜಿನ ಮೇಲಿಟ್ಟು, ತಮ್ಮ ಹೆಸರು ಹೇಳಿದರು. ಸಾರಂಗವಿತ್ತೇ ಎಂದು ಕೇಳಿದಾಗ, "ನನಗೆ ಗೊತ್ತಿಲ್ಲ. ಬಂದೂಕಿನ ವಿಷಯ ಮಾತ್ರ ಹೇಳಬಲ್ಲೆ" ಎಂದರು. ಆ ಸಾವು ಆಕಸ್ಮಿಕವೆಂದು ತೀರ್ಮಾನವಾಯಿತು. ಆಡಳಿತ ಮಂಡಳಿ ಮೇಷ್ಟ್ರನ್ನು ಒಂದು ವರ್ಷ ಕೆಲಸದಿಂದ ದೂರವಿಟ್ಟಿತು. ವಿಭಾಗದ ಮುಖ್ಯಸ್ಥರ ಹುದ್ದೆ ಆಮೇಲೆ ಎಂದಿಗೂ ಅವರ ಪಾಲಿಗೆ ಬರಲಿಲ್ಲ. ಆ ವರ್ಷ ಅವರು ರೈಲುನಿಲ್ದಾಣದ ಕಣಜದಲ್ಲಿ ಗೋಧಿ ಗೋರಿದರು. ಮರಳಿ ಬಂದ ದಿನ ಪಾಠ ಬಿಟ್ಟಲ್ಲಿಂದಲೇ ಆರಂಭಿಸಿದರು. ಪರೀಕ್ಷೆಯ ಕ್ರಮದ ಪಟ್ಟಿಗೆ ಒಂದೇ ಒಂದು ಸಾಲು ಸೇರಿಸಿದರು: ಹೊಡೆಯುವ ಮೊದಲು ಬಂದೂಕು ಹೊತ್ತು ನಡೆ.

ಈ ಲೇಖನಕ್ಕೆ ಅನುಮತಿ ಕೇಳಲು ಹೋದಾಗ ಅವರು ಹೇಳಿದ್ದಿಷ್ಟೇ: "ಬರಿ. ಆದ್ರೆ ಅಚ್ಚಿಗೆ ಹೋಗೋಕ್ಕೆ ಮುಂಚೆ ನಾರಿಸ್‌ಗೆ ಹೇಳು."

ಮೂವತ್ತು ವರ್ಷ ಹೋಗದಿದ್ದ ಆ ಮನೆಗೆ ಕಳೆದ ತಿಂಗಳು ಹೋದೆ. ಆರ್ಡಿತ್ ತೀರಿಕೊಂಡು ನಾಲ್ಕು ವರ್ಷವಾಗಿದೆ. ನಾರಿಸ್‌ಗೆ ಎಪ್ಪತ್ತಾರು. ಕಾಫಿ ಸುರಿದು, ನಾನು ಹೇಳುವುದನ್ನೆಲ್ಲ ಕೇಳಿದ.

"ಗೊತ್ತಿತ್ತು ಕಣಮ್ಮ. ಆ ದಿನ ಎಲ್ರೂ ಹಲಗೆ ನೋಡ್ತಿದ್ರು. ನೀನೊಬ್ಳೇ ನೆಲ ನೋಡ್ತಿದ್ದೆ."

"ಯಾಕೆ ಯಾರಿಗೂ ಹೇಳ್ಲಿಲ್ಲ?"

"ಮೇಷ್ಟ್ರು ಹೇಳಿದ್ರಲ್ಲ, ತಮ್ಮದು ಅಂತ. ಅಷ್ಟು ಕಷ್ಟಪಟ್ಟು ಹೇಳಿದ್ದನ್ನ ನಾನ್ಯಾಕೆ ಕೆಡಿಸ್ಲಿ?" ಎಂದು ಅವನು ಕಿಟಕಿಯ ಪರದೆಯನ್ನು ಸರಿಸಿದ. ಹೊಲದಾಚೆ ಆ ಗುಡ್ಡ, ಆ ಪೊದೆ. "ನನಗೆ ಅವನು ಈಗ್ಲೂ ಕಾಣಿಸ್ತಾನೆ, ಗೊತ್ತಾ? ಬೆಳಿಗ್ಗೆ ಹೊತ್ತು, ಇಲ್ಲಿಂದಲೇ. ಮೊದ್ಲು ನನ್ನನ್ನೇ ನೋಡ್ತಾ ಕೂತಿರ್ತಿದ್ದ. ಮೇಷ್ಟ್ರು ಐದು ಸುತ್ತು ನಡೆದ ಮಾರನೇ ದಿನದಿಂದ ಆ ಕಡೆ ತಿರುಗಿಬಿಟ್ಟಿದ್ದಾನೆ. ಸಾರಂಗ ನಿಂತಿತ್ತಲ್ಲ, ಆ ಕಡೆ."

ನಾನು ನೋಡಿದೆ. ಪೊದೆಯ ಬಳಿ ಏನೂ ಇರಲಿಲ್ಲ. ಆದರೂ ಸ್ವಲ್ಪ ಹೊತ್ತು ಕಣ್ಣು ಕೀಳಲಾಗಲಿಲ್ಲ.

ಅಧಿಕಾರ, ಪದವಿ, ಬಹುಮಾನಗಳ ಪಟ್ಟಿಯಿಂದ ಅಳೆಯುವವರಿಗೆ ಶ್ರೀ ಸ್ಕಾರ್ ಅವರ ಸೇವಾವಧಿ ಚಿಕ್ಕದಾಗಿ ಕಂಡೀತು. ಒಬ್ಬ ಹೆಂಗಸು ತನ್ನ ಗಂಡನ ಪಕ್ಕದಲ್ಲಿ ಇಪ್ಪತ್ತಾರು ವರ್ಷ ನೆಮ್ಮದಿಯಿಂದ ಮಲಗಿದ್ದನ್ನೂ, ಸತ್ತವನೊಬ್ಬ ತನ್ನ ಅಣ್ಣನಿಂದ ಮುಖ ತಿರುಗಿಸಿ ಬೇಟೆಯ ಕಡೆ ನೋಡತೊಡಗಿದ್ದನ್ನೂ ಸೇವಾಪುಸ್ತಕದ ಯಾವ ಕಲಮಿನಲ್ಲಿ ಬರೆಯಬೇಕೆಂದು ನನಗೆ ತಿಳಿಯದು. ನಿವೃತ್ತಿಯ ಮರುದಿನದಿಂದಲೇ ಮನೆಯ ಹಿಂದಿನ ಶೆಡ್ಡಿನಲ್ಲಿ ಬೇಟೆಗಾರರ ಬಂದೂಕುಗಳನ್ನು ಪರೀಕ್ಷಿಸುವೆನೆಂದು ಅವರು ಹೇಳಿದ್ದಾರೆ. ಆ ಕೈಗಳು ನಡುಗದಿರಲಿ, ಕಾಲುಗಳಿಗೆ ಗುಡ್ಡ ಸುತ್ತುವ ಬಲ ಬಹುಕಾಲ ಉಳಿಯಲಿ. ಈ ಸೀಮೆಯಲ್ಲಿ ಪ್ರತಿ ನವೆಂಬರಿನಲ್ಲಿಯೂ ಟ್ರಿಗರಿನ ಮೇಲೆ ಬೆರಳಿಡುವವರಿಗಾಗಿ ಅವರು ಇನ್ನೂ ಎಷ್ಟೋ ವರ್ಷ, ಮೊದಲ ಗುಂಡಿಗೆ ಮುಂಚೆ, ನಮ್ಮ ಮುಂದೆ ಹೊತ್ತು ನಡೆಯುತ್ತಿರಲಿ.