ಕೊನೇ ಓವರಿನ ಲಾಲಪ್ಪ

ಹಾಲಹರವಿಯ ಲಾಲಪ್ಪ ಹದಿನಾಲ್ಕು ವರ್ಷದಿಂದ ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಿದ್ದಾನೆ, ಊರೂರಿನ ತಂಡಗಳು ಕೂಲಿ ಕೊಟ್ಟು ಕರೆದಾಗ. ಆಡುತ್ತಾನೆ ಅನ್ನುವುದೂ ಜಾಸ್ತಿಯೇ. ಬಾಲ್ ಬಾರದ ಮೂಲೆಯಲ್ಲಿ ನಿಂತಿರುತ್ತಾನೆ, ಕೊನೇ ಓವರ್ ಮಾತ್ರ ಎಡಗೈಯಿಂದ ಹಾಕುತ್ತಾನೆ. ಆ ಆರು ಬಾಲಿಗಾಗಿಯೇ ಆದೋನಿ ಸುತ್ತಿನ ಜನ ಅವನ ಹೆಸರು ಹೇಳುವುದು.

ಈ ಸಲ ಪೆದ್ದಕಡುಬೂರಿನ ಫೈನಲ್ಲಿಗೆ ಹೋಗುವಾಗಲೇ ಅವನ ಎಡಭುಜ ಕೆಟ್ಟಿತ್ತು. ಹೆಂಡತಿ ಸುಂಕಮ್ಮ ಎಕ್ಕದೆಲೆ ಬಿಸಿ ಮಾಡಿ ಕಟ್ಟುತ್ತಿದ್ದದ್ದು ಹೊರಗೆ ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಊಟ, ತೀರ್ಥ, ಕೊಡು, ತಗೋ ಎಲ್ಲವೂ ಬಲಗೈಯದು. ಚಿಕ್ಕವನಿದ್ದಾಗ ಅಜ್ಜಿ ಬಸಲಿಂಗಮ್ಮ ಎಡಗೈಗೆ ಬಾರಿಸಿ ಬಾರಿಸಿ ಕಲಿಸಿದ್ದು ಅದು. ಎಡಗೈಗೆ ಉಳಿದದ್ದು ಬಾಲ್ ಒಂದೇ. ನೋವು ಅವನಿಗೆ ಬಿಸಿ ತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ತಂಡದ ಕ್ಯಾಪ್ಟನ್ ರಾಮಾಂಜನೇಯನಿಗೆ ತಿಳಿದರೆ ಓವರು ಹೊಸ ಎಡಗೈ ಬೌಲರ್ ಭರತನ ಪಾಲು.

ಎದುರಾಳಿಗೆ ಆರು ಬಾಲಿಗೆ ಎಂಟು ರನ್ ಬೇಕಿತ್ತು. ಮೊದಲ ಬಾಲಿಗೇ ಭುಜದಲ್ಲಿ ಕಟಕ್ ಎಂದಿತು. ಲಾಲಪ್ಪ ಹಲ್ಲು ಕಚ್ಚಿದ. ಐದು ಬಾಲಿಗೆ ಐದು ರನ್ ಹೋದವು, ಕೊನೆಯದಕ್ಕೆ ಮೂರು ಉಳಿದವು.

“ಮಾಮ, ಮುಖ ಯಾಕ ಬೆವತೈತಿ?” ರಾಮಾಂಜನೇಯ ಓಡಿ ಬಂದ.

“ಬಿಸಲು ಐತಲ್ಲಪ್ಪ. ನೀ ಹೋಗಿ ನಿಂದರು.”

ಓಡಿಬಂದು ಹಾಕಿದ. ಕಣ್ಣಿಗೆ ಕತ್ತಲು ಬಂತು. ಕಣ್ಣು ಬಿಟ್ಟಾಗ ಸ್ಟಂಪು ನೆಲದ ಮೇಲಿತ್ತು, ಜನ ಕೂಗುತ್ತಿದ್ದರು. ಹಾರ ಹಾಕಿಸಿಕೊಂಡ, ಬಲಗೈಯಿಂದ ಕಪ್ ಹಿಡಿದ. ಶಾಸ್ತ್ರವೇ ಹಾಗಲ್ಲವೇ, ಯಾರಿಗೂ ಅನುಮಾನ ಬರಲಿಲ್ಲ. ದಕ್ಕಿಸಿಕೊಂಡೆ ಅಂದುಕೊಂಡ ಪುಣ್ಯಾತ್ಮ.

“ಮಾಮ, ಈ ಬಾಲ್ ನಿಂದಾ, ಮನೀಗೆ ಒಯ್ಯಿ,” ಎಂದು ರಾಮಾಂಜನೇಯ ನಗುತ್ತಾ ಎಸೆದ.

ಹದಿನಾಲ್ಕು ವರ್ಷದ ರೂಢಿ. ಎಡಗೈಯೇ ಮುಂದಾಯಿತು, ಸೊಂಟದ ತನಕವೂ ಏಳಲಿಲ್ಲ. ಬಾಲ್ ಎದೆಗೆ ಬಡಿದು ಕೆಳಗೆ ಬಿತ್ತು. ರಾಮಾಂಜನೇಯನ ನಗು ನಿಂತುಹೋಯಿತು.

“ಎಷ್ಟ್ ದಿನದಿಂದ ಹಿಂಗ ಐತಿ ಮಾಮ?”

“ಉಗಾದಿಯಿಂದ. ಮುಂದಿನ ವಾರ ನಾಗಲದಿನ್ನೆಗೆ ಭರತನ್ನ ಕರಕೊಂಡು ಹೋಗು.”

“ನೀನೂ ಬಾ. ಸುಮ್ನ ನಮ್ಮ ಜೋಡಿ ಕುಂದರಾಕರ ಬಾ.”

“ಕುಂದರಾಕ ನಾ ಯಾಕ ಬರ್ಲಿ?” ಎಂದ ಲಾಲಪ್ಪ. ಅಷ್ಟು ಜನರ ನಡುವೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.